ಆರನೇ ಇನ್ನಿಂಗ್ಸಿನ ಆ ಚೆಂಡು

ಹ್ಯಾಸೆಲ್ ಕ್ರೀಕ್, ಅರ್ಕಾನ್ಸಾ
ಮಂಗಳವಾರ, 16 ಏಪ್ರಿಲ್ 1991
ಬೆಳಿಗ್ಗೆ ಹತ್ತು ಕಾಲು

ಪ್ರೀತಿಯ ಓಪಲ್ ಅಕ್ಕಾ,

ಹೇಗಿದ್ದೀಯೆ? ಸೊಂಟದ ನೋವು ಕಮ್ಮಿ ಆಯ್ತಾ? ರಾತ್ರಿ ನಿದ್ದೆ ಬರತ್ತಾ, ಇಲ್ಲ ಪಕ್ಕದ ಹಾಸಿಗೆಯೋಳು ಇನ್ನೂ ಗೊರಕೆ ಹೊಡೀತಿದ್ದಾಳಾ? ಆಸ್ಪತ್ರೆ ಊಟ ಗಂಟಲಲ್ಲಿ ಇಳಿಯಲ್ಲ ಅಂತ ಹಟ ಮಾಡಬೇಡ ಮಾರಾಯ್ತಿ, ಹಸಿರು ಜೆಲ್ಲಿ ಆದರೂ ಸರಿ, ಕಣ್ಣು ಮುಚ್ಚಿಕೊಂಡು ನುಂಗು. ಮೂಳೆ ಕೂಡಿಕೊಳ್ಳೋದು ಹೊಟ್ಟೆ ತುಂಬಿದ್ದರೇ ಹೊರತು ಬರೀ ಪ್ರಾರ್ಥನೆಯಿಂದಲ್ಲ. ಭಾನುವಾರ ಯಾರ ಆಸರೆಯೂ ಇಲ್ಲದೆ ಆರು ಹೆಜ್ಜೆ ನಡೆದೆ ಅಂತ ನರ್ಸು ಹೇಳಿದಳು. ಐದು ವಾರದಿಂದ ಆ ನಡೆಯೋಕೆ ಹಿಡ್ಕೊಳ್ಳೋ ಗಾಲಿ ಕಟ್ಟು ಬಿಡದೋಳು! ಖುಷಿಗೇ ನಡೆದಿದ್ದಾರೆ ನೋಡಿ ಅಂದಳು ಅವಳು. ಆ ಮಾತು ಕೇಳಿದಾಗಿನಿಂದ ನನಗೆ ತುತ್ತು ಇಳೀತಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ. ನಿನ್ನ ಮನೆ ಚೆನ್ನಾಗಿದೆ. ಬೆಕ್ಕು ನನ್ನ ಮನೇಲೇ ಠಿಕಾಣಿ ಹಾಕಿದೆ, ಸೊಕ್ಕು ಜಾಸ್ತಿಯಾಗಿದೆ. ಟೊಮೇಟೊ ಸಸಿಗಳನ್ನ ಪಕ್ಕದ ಮನೆ ವೆಲ್ಡಾ ನೋಡ್ಕೊಳ್ತಿದ್ದಾಳೆ, ನೀರು ಜಾಸ್ತಿ ಹಾಕ್ತಾಳೆ ಅನ್ನೋದೊಂದು ಬಿಟ್ಟರೆ ತೊಂದರೆಯಿಲ್ಲ.

ಪ್ರತಿ ಭಾನುವಾರ ಫೋನಲ್ಲಿ ಗಂಟೆಗಟ್ಟಲೆ ಹರಟೋಳು ಈಗ ಕಾಗದ ಯಾಕೆ ಬರೀತಿದ್ದಾಳೆ ಅಂತ ನಿನಗೆ ಅನ್ನಿಸಬಹುದು. ಫೋನಲ್ಲಿ ಬಾಯಿ ಬರಲ್ಲ ಅಕ್ಕ. ನಿನ್ನ ದನಿ ಕೇಳಿದ ಕೂಡಲೇ ಸುಳ್ಳು ತಾನಾಗೇ ನಾಲಿಗೆ ಮೇಲೆ ಬಂದು ಕೂತ್ಕೊಳ್ಳತ್ತೆ, ಈ ಭಾನುವಾರ ಬಂತಲ್ಲ, ಹಾಗೆ. ಕಾಗದದ ಮೇಲಾದರೆ ನೀನು ಮಧ್ಯೆ ಮಾತಾಡಲ್ಲ. ಕಾಲೇಜಿನ ಅಡುಗೆಮನೇಲಿ ತಿಂಡಿ ಪಾಳಿ ಮುಗಿಸಿ ಈಗ ತಾನೇ ಬಂದು ಕೂತಿದ್ದೀನಿ. ಏಪ್ರನ್ ಕೂಡ ಬಿಚ್ಚಿಲ್ಲ. ಹನ್ನೆರಡು ಹೊಡೆಯೋದರೊಳಗೆ ಒಂದು ಕೆಲಸ ಮಾಡಬೇಕು, ಅದಕ್ಕೆ ಮೊದಲು ನಿನಗೆ ಎಲ್ಲಾ ಹೇಳಿಬಿಡಬೇಕು.

ವಾರದ ಸುದ್ದಿ ಮೊದಲಿಂದ ಕೇಳು. ನಮ್ಮ ಹುಡುಗರಿಗೆ ಹೋದ ವಾರ ಸೇಂಟ್ ಆಲಿವರ್ ಕಾಲೇಜಿನ ಜೊತೆ ಮೂರು ಬೇಸ್‌ಬಾಲ್ ಮ್ಯಾಚಿತ್ತು, ಶುಕ್ರವಾರ ಒಂದು, ಶನಿವಾರ ಎರಡು. ನಮ್ಮ ಗುಂಪಿನ ಎಂಟು ಕಾಲೇಜಲ್ಲಿ ಅವರು ಎರಡನೇ ಸ್ಥಾನ, ನಾವು ಮೂರನೇದು, ಹಾಗಾಗಿ ಊರಿಗೆ ಊರೇ ಬಂದಿತ್ತು ಅನ್ನು. ಶುಕ್ರವಾರ ಒಂಬತ್ತು ನಾಲ್ಕಕ್ಕೆ ಸೋತೆವು. ನಮ್ಮ ಕಡೆ ಮರ್ಯಾದೆ ಉಳಿಸಿದೋನು ಫಸ್ಟ್ ಬೇಸ್ ಕಾಯೋ ಬಕ್ ಒಬ್ಬನೇ. ಬೆಳಿಗ್ಗೆ ಹನ್ನೊಂದು ಪ್ಯಾನ್‌ಕೇಕ್ ತಿಂತಾನಲ್ಲ, ಆ ಗುಡಾಣ. ಎರಡು ಹೋಮ್ ರನ್ ಹೊಡೆದ. ಎರಡನೇದು ಬೇಲಿ ದಾಟಿ, ರಸ್ತೆ ದಾಟಿ, ಮೆಥಡಿಸ್ಟ್ ಪಾದ್ರಿಗಳ ಕಾರಿನ ಮುಂದಿನ ಗಾಜಿಗೇ ಹೋಗಿ ಬಿತ್ತು. ಪಾದ್ರಿಗಳು ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು ಪಾಪ, ಯಾರ ಕಾರು ಅಂತ ತಿಳಿಯೋ ತನಕ! ಶನಿವಾರ ಬೆಳಗಿನ ಮ್ಯಾಚು ಹೇಗೋ ಒಂದು ರನ್ನಲ್ಲಿ ಗೆದ್ದೆವು. ಮಧ್ಯಾಹ್ನದ್ದು, ಏಳು ಇನ್ನಿಂಗ್ಸಿನದ್ದು, ಚೆಂಡು ಎಸೆಯೋ ಸರದಿ ನಿನ್ನ ಮೊಮ್ಮಗ, ನಮ್ಮ ವೇಡನ ಕೈಗೆ ಬಂತು.

ಮೂವತ್ತು ವರ್ಷ ನನ್ನ ಜೊತೆ ಮ್ಯಾಚಿಗೆ ಬಂದಿದ್ದೀಯೆ, ಆದರೂ ನಿನ್ನ ಕಣ್ಣು ಹೆಣಿಗೆ ಕಡ್ಡಿ ಮೇಲಿಂದ ಎದ್ದಿದ್ದಿಲ್ಲ. ಹಿಟ್ ಅಂದ್ರೇನು, ಎರರ್ ಅಂದ್ರೇನು ಅಂತ ಎಷ್ಟು ಸಲ ಹೇಳಿದೆ, ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಇವತ್ತು ಮಾತ್ರ ಕಿವಿಗೊಟ್ಟು ಕೇಳು. ಬ್ಯಾಟಿನೋನು ಚೆಂಡು ಹೊಡೆದು ಓಡ್ತಾನೆ. ಆ ಚೆಂಡು ಯಾರ ಕೈಗೂ ಸಿಗೋ ಹಾಗಿರದೆ ಅವನು ಬೇಸ್ ಮುಟ್ಟಿದರೆ ಅದು ಹಿಟ್ಟು. ಹೆಗ್ಗಳಿಕೆ ಹೊಡೆದೋನದ್ದು, ಚೆಂಡು ಎಸೆದ ಪಿಚರ್ ಲೆಕ್ಕದಲ್ಲಿ ಕಪ್ಪು ಚುಕ್ಕೆ. ಸಾಧಾರಣವಾಗಿ ಯಾರಾದರೂ ಹಿಡಿಯೋ ಚೆಂಡನ್ನ ನಮ್ಮೋನೊಬ್ಬ ಕೈ ಜಾರಿಸಿ ಬಿಟ್ಟರೆ ಅದು ಎರರ್, ತಪ್ಪು ಬಿಟ್ಟೋನ ಹೆಸರಿಗೆ, ಪಿಚರ್‌ಗೆ ಏನೂ ಅಂಟಲ್ಲ. ಒಂದೂ ಹಿಟ್ ಕೊಡದೆ ಇಡೀ ಮ್ಯಾಚು ಮುಗಿಸಿದ ಪಿಚರ್ ಇದ್ದಾನಲ್ಲ, ಅವನ ಹೆಸರು ಕಾಲೇಜಿನ ಗೋಡೆ ಮೇಲಿನ ಹಲಗೇಲಿ ಬರೀತಾರೆ. ನಮ್ಮಲ್ಲಿ ಅರವತ್ತೆರಡು ವರ್ಷದಲ್ಲಿ ಮೂರೇ ಹೆಸರು. ಇದು ಹಿಟ್ಟು, ಇದು ಎರರ್ ಅಂತ ತೀರ್ಮಾನ ಮಾಡೋದು ಅಂಪೈರ್ ಅಲ್ಲ ಅಕ್ಕ, ಮೇಲೆ ಹಲಗೆ ಗೂಡಲ್ಲಿ ಪುಸ್ತಕ ಹಿಡ್ಕೊಂಡು ಕೂತಿರೋ ಸ್ಕೋರರ್. ಅಂದ್ರೆ ನಾನು.

ನಮ್ಮ ಯಜಮಾನರು ಮೆರ್ಲ್ ಹೋದ ಮೇಲೆ ಆ ಪುಸ್ತಕ ನನ್ನ ಕೈಗೆ ಬಂದು ಹತ್ತೊಂಬತ್ತು ವರ್ಷ. ಪುಸ್ತಕ ಹಿಡಿದ ಮೇಲೆ ನೆಂಟರು ಇಷ್ಟರು ಅಂತ ಯಾರೂ ಇಲ್ಲ ಲೂ ಅಂತಿದ್ರು ಅವರು. ನಮ್ಮ ಡೇಲ್ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡ್ತಿದ್ದಾಗ ಒಂದೇ ಮ್ಯಾಚಲ್ಲಿ ಅವನ ಹೆಸರಿಗೆ ಎರಡು ಎರರ್ ಬರೆದೆ. ಹೆತ್ತ ಮಗ, ಮೂರು ದಿನ ಮಾತಾಡಲಿಲ್ಲ, ನಾನು ಮಾಡಿದ ಪೀಚ್ ಪೈ ಮುಟ್ಟಲಿಲ್ಲ. ಊರಲ್ಲಿ ಈಗಲೂ ಆ ಕಥೆ ಹೇಳ್ತಾರೆ, ಲುವೆಲ್ಲಾ ಪ್ರಾಥರ್ ಹೊಟ್ಟೇಲಿ ಹುಟ್ಟಿದೋನಿಗೂ ರಿಯಾಯಿತಿ ಇಲ್ಲ ಅಂತ. ಹೇಳಿದಾಗೆಲ್ಲ ನನಗೆ ಒಳಗೊಳಗೇ ಜಂಬ. ಈಗ ಆ ಜಂಬ ನೆನೆಸಿಕೊಂಡರೆ ಮೈ ಉರಿಯತ್ತೆ.

ಶನಿವಾರ ಮಧ್ಯಾಹ್ನ ಗಾಳಿ ಅಂದ್ರೆ ಗಾಳಿ. ವೇಡ್ ಮೊದಲನೇ ಇನ್ನಿಂಗ್ಸಿಂದಲೇ ಬೇರೆ ಹುಡುಗನ ಥರ ಇದ್ದ. ಹೋದ ವರ್ಷ ಮೊಣಕೈ ನೋವು ಅಂತ ಅಳ್ತಾ ನಿನ್ನ ಮಡಿಲಲ್ಲಿ ತಲೆ ಇಟ್ಟಿದ್ದನಲ್ಲ, ಅದೇ ಕೈಯಾ ಇದು ಅನ್ನಿಸ್ತು. ನಾಲ್ಕನೇ ಇನ್ನಿಂಗ್ಸ್ ಮುಗಿಯೋ ಹೊತ್ತಿಗೆ ಎಲ್ಲರಿಗೂ ಗೊತ್ತಾಯ್ತು, ಯಾರೂ ಬಾಯಿ ಬಿಡಲಿಲ್ಲ. ಹಿಟ್ ಕೊಡದೆ ನಡೀತಿರೋ ಮ್ಯಾಚಲ್ಲಿ ಆ ಮಾತು ಆಡಿದರೆ ಕೆಟ್ಟಿತು ಅಂತ ನಮ್ಮೋರ ನಂಬಿಕೆ, ನಿನಗೂ ಗೊತ್ತು. ಹುಡುಗರು ಬೆಂಚಲ್ಲಿ ಅವನ ಪಕ್ಕ ಕೂರಲಿಲ್ಲ. ವೇಡ್ ಒಬ್ಬನೇ ಆ ತುದೀಲಿ, ಮಿಕ್ಕೋರೆಲ್ಲ ಈ ತುದೀಲಿ, ಮೈಲಿಗೆ ಆದೋನ ಥರ. ಜನ ಕೂತ ಜಾಗ ಬಿಟ್ಟು ಅಲ್ಲಾಡಲಿಲ್ಲ. ಪಾದ್ರಿಗಳಿಗೆ ಐದನೇ ಇನ್ನಿಂಗ್ಸಿಂದ ಅವಸರವಾಗಿತ್ತಂತೆ, ಎದ್ದರೆ ವೇಡನ ಕೈ ಕೆಡತ್ತೆ ಅಂತ ಹಲ್ಲು ಕಚ್ಚಿ ಕೂತಿದ್ರಂತೆ! ನಮ್ಮ ಗೂಡಲ್ಲಿ ನಾನು, ಮೈಕು ಮತ್ತೆ ಬೋರ್ಡಿನ ಸ್ವಿಚ್ಚು ನೋಡ್ಕೊಳ್ಳೋ ಕ್ಷೌರದ ಅಂಗಡಿ ಕ್ಲೀಟಸ್, ರೇಡಿಯೋದ ಹುಡುಗ, ಮೂರೇ ಜನ. ಆ ರೇಡಿಯೋ ಹುಡುಗನ ಮಾತೆಲ್ಲ ನಿನ್ನ ವಾರ್ಡಿಗೆ ಕೇಳ್ತಿದೆ ಅಂತ ನನಗೆ ಗೊತ್ತಿತ್ತು. ವೆಲ್ಡಾ ತನ್ನ ಮನೆ ಫೋನನ್ನ ರೇಡಿಯೋ ಎದುರಿಗೆ ಇಟ್ಟು, ಓಪಲ್‌ಗೆ ಮ್ಯಾಚು ಕೇಳಿಸ್ತೀನಿ ಅಂತ ಬೆಳಿಗ್ಗೆನೇ ಹೇಳಿದ್ದಳಲ್ಲ. ಇದನ್ನ ನೆಪ ಅಂತ ಹೇಳ್ತಿಲ್ಲ ಅಕ್ಕ. ಆದರೆ ನೀನು ಆ ಫೋನ್ ಕಿವಿಗೆ ಒತ್ತಿಕೊಂಡು, ಉಸಿರು ಬಿಗಿ ಹಿಡಿದು ಮಲಗಿರೋದು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು.

ಆರನೇ ಇನ್ನಿಂಗ್ಸು. ಇಬ್ಬರು ಔಟಾಗಿದ್ರು. ಅವರ ಕಡೆಯ ಸಣಕಲು ಹುಡುಗನೊಬ್ಬ ಬ್ಯಾಟ್ ಹಿಡಿದು ಬಂದ, ಕೊನೇ ನಂಬರಿನೋನು, ಈ ಸೀಸನ್ನಲ್ಲಿ ಅವನದ್ದು ನಾಲ್ಕೋ ಐದೋ ಹಿಟ್ಟು, ಅಷ್ಟೇ. ವೇಡ್ ಎಸೆದ, ಅವನು ಹೊಡೆದ. ಚೆಂಡು ನೆಲಕ್ಕಂಟಿಕೊಂಡು ವೇಡನ ಕಾಲ ಪಕ್ಕದಲ್ಲೇ ಹಾದು, ಮೈದಾನದ ನಟ್ಟನಡುವೆ ಸೀಳಿಕೊಂಡು ಹೋಯ್ತು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇರೋ ಜಾಗವೇ ಅಲ್ಲ ಅದು. ನಮ್ಮ ಸೆಕೆಂಡ್ ಬೇಸಿನ ರೆನೆ, ರೆನೆ ಟ್ರೆವಿನ್ಯೊ, ಎಲ್ಲಿಂದಲೋ ಓಡಿ ಬಂದ. ಓಡಿ ಬಂದು ಉದ್ದಕ್ಕೆ ಮೈ ಚೆಲ್ಲಿ ನೆಲಕ್ಕೆ ಬಿದ್ದ. ಚೆಂಡು ಅವನ ಗ್ಲೌಸಿನ ತುದಿಗೆ ತಾಕಿ ಪುಟಿದು ಕೆಳಗೆ ಬಿತ್ತು. ಮಂಡಿಯೂರಿ ಎದ್ದು ಎಸೆದ, ಅಷ್ಟರಲ್ಲಿ ಸಣಕಲ ಬೇಸ್ ದಾಟಿದ್ದ. ಈ ಗುಂಪಿನ ಎಂಟು ಕಾಲೇಜಲ್ಲಿ ಬೇರೆ ಯಾವ ಸೆಕೆಂಡ್ ಬೇಸಿನೋನೂ ಆ ಚೆಂಡಿನ ಹತ್ತಿರ ಕೂಡ ಸುಳೀತಿರಲಿಲ್ಲ. ನಿಂತ ಕಡೆ ನಿಂತು ನೋಡಿದ್ದರೆ ಅದು ಹಿಟ್ಟು ಅಂತ ಮಗುವೂ ಹೇಳ್ತಿತ್ತು. ಓಡಿ ಹೋಗಿ ಮುಟ್ಟಿದ, ಅದೇ ಅವನ ತಪ್ಪಾಗಿ ಹೋಯ್ತು.

ಮೈದಾನದಲ್ಲಿ ಇದ್ದಬದ್ದ ಮುಖಗಳೆಲ್ಲ ತಿರುಗಿ ಮೇಲೆ ನಮ್ಮ ಗೂಡನ್ನ ನೋಡಿದವು. ಕ್ಲೀಟಸ್ ಎರಡು ಸ್ವಿಚ್ಚಿನ ಮೇಲೂ ಒಂದೊಂದು ಬೆರಳಿಟ್ಟು, ಲೂ, ಏನ್ ಹಾಕ್ಲೇ? ಅಂದ. ನಾನು ಒಂದು ಗಳಿಗೇನೂ ತಡಮಾಡಲಿಲ್ಲ ಅಕ್ಕ. ಯೋಚನೆ ಮಾಡಿ ತಪ್ಪಿದೆ ಅಂತ ಹೇಳೋ ಹಾಗೂ ಇಲ್ಲ. ಎರರ್, ಸೆಕೆಂಡ್ ಬೇಸ್, ಅಂದೆ. ಬೋರ್ಡಲ್ಲಿ ದೀಪ ಹತ್ತಿತು. ಜನ ಹೋ ಅಂತ ಎದ್ದರು ನೋಡು, ಚಪ್ಪಾಳೆ, ಶಿಳ್ಳೆ, ಟೋಪಿ ಹಾರಿಸಿದ್ದೇ ಹಾರಿಸಿದ್ದು. ತಮ್ಮ ಹುಡುಗನೇ ತಪ್ಪು ಮಾಡಿದ ಅಂತ ಊರೆಲ್ಲ ಕುಣಿದದ್ದು ನಾನು ಬೇರೆಲ್ಲೂ ಕಂಡಿಲ್ಲ. ರೆನೆ ಏನು ಮಾಡಿದ ಗೊತ್ತಾ? ಮೈಯೆಲ್ಲ ಮಣ್ಣು, ಗದ್ದದಲ್ಲಿ ರಕ್ತ, ವೇಡನ ಕಡೆ ತಿರುಗಿ ಎದೆ ತಟ್ಟಿಕೊಂಡು, ನಂದು, ನಂದೇ ತಪ್ಪು ಅಂತ ಸನ್ನೆ ಮಾಡಿದ. ನಾನದನ್ನ ಮೇಲಿಂದ ನೋಡಿದೆ. ಆಗಲಾದರೂ ಬಾಯಿ ತೆರೀಬಹುದಿತ್ತು. ತೆರೀಲಿಲ್ಲ.

ಮುಂದಿನದು ನಿನಗೆ ಗೊತ್ತಿರೋದೇ. ಎರಡು ಸೊನ್ನೆ ಗೆಲುವು, ಹನ್ನೊಂದು ಜನರನ್ನ ವೇಡ್ ಒಬ್ಬನೇ ಔಟ್ ಮಾಡಿದ, ಹಿಟ್ಟು ಸೊನ್ನೆ. ಹುಡುಗರೆಲ್ಲ ಅವನ ಮೇಲೆ ಬಿದ್ದು ರಾಶಿ ಹಾಕಿದ್ರು. ಕೆಳಗಿಂದ ಅವನು ನಮ್ಮ ಗೂಡಿನ ಕಡೆ ತಲೆ ಎತ್ತಿ ನೋಡಿದ, ನಾನು ಕೈ ಬೀಸಿದೆ. ನಗಲಿಲ್ಲ. ಸುಸ್ತಾಗಿದೆ ಮಗೂಗೆ ಅಂದ್ಕೊಂಡೆ. ಆಮೇಲೆ ನಾನು ಮಾಡಿದ ಕೆಲಸ ಕೇಳು. ಹತ್ತೊಂಬತ್ತು ವರ್ಷದಿಂದ ನಾನು ಮ್ಯಾಚಲ್ಲಿ ಪೆನ್ಸಿಲಲ್ಲಿ ಬರೆದು, ಭಾನುವಾರ ಚರ್ಚಿಂದ ಬಂದ ಮೇಲೆ ಅಡುಗೆಮನೆ ಮೇಜಿನ ಮೇಲೆ ಟೀ ಇಟ್ಕೊಂಡು, ಒಂದೊಂದು ಚೆಂಡನ್ನೂ ಇನ್ನೊಂದು ಸಲ ನೆನೆದು, ಆಮೇಲೇ ಶಾಯೀಲಿ ತಿದ್ದೋದು. ಅದು ಮೆರ್ಲ್ ಹಾಕಿಕೊಟ್ಟ ಪದ್ಧತಿ. ಶನಿವಾರ ನಾನು ರೇಡಿಯೋ ಹುಡುಗನ ಪೆನ್ನು ಇಸ್ಕೊಂಡು, ಜನ ಇನ್ನೂ ಕುಣೀತಿರೋವಾಗಲೇ, ಅಲ್ಲೇ ಶಾಯಿ ಹಾಕಿಬಿಟ್ಟೆ. ಕ್ಲೀಟಸ್ ನೋಡ್ತಾ ನಿಂತಿದ್ದ. ಏನೇ ಇಷ್ಟು ಅವಸರ ಅಂದ. ಕತ್ತಲಾಗತ್ತೆ ಕಣೋ, ನಿನಗೇನು ಕಷ್ಟ, ನಿನ್ನ ಸ್ವಿಚ್ಚು ನೀನು ನೋಡ್ಕೋ ಅಂತ ರೇಗಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡ ಹಾಗಾಯ್ತು. ಹೊರಗೆ ಇನ್ನೂ ಬಿಸಿಲಿತ್ತು. ಅವನು ಮೈಕಿನ ವೈರು ಸುತ್ತಿಕೊಂಡು ಹೋದ, ನಿನ್ನೆ ನಾನು ಅವನ ಅಂಗಡಿ ಮುಂದೆ ಹಾದರೂ ಕೈ ಎತ್ತಲಿಲ್ಲ.

ಭಾನುವಾರ ನಿನ್ನ ಫೋನು ಬಂತು. ನರ್ಸುಗಳು ಕೇಕ್ ತಂದರು, ವಾರ್ಡಿನೋರೆಲ್ಲ ಕೂತು ತಿಂದೆವು, ಗೊರಕೆಯೋಳು ಕೂಡ ಎದ್ದು ಕೂತಳು ಅಂತ ನೀನು ಹೇಳ್ತಾ ಹೋದೆ. ಆಮೇಲೆ, ಅಲ್ವೇ ಲೂ, ಆ ಸೆಕೆಂಡ್ ಬೇಸಿನ ಹುಡುಗ ಯಾಕೆ ಚೆಂಡು ಬಿಟ್ಟ, ಇನ್ನೇನು ಕೆಡಿಸಿಬಿಡ್ತಿದ್ದ, ಪೆದ್ದನಾ? ಅಂದೆ. ನಾನು, ಹೂಂ ಕಣೇ ಅಕ್ಕ, ಸ್ವಲ್ಪ ಪೆದ್ದೇ, ಕೈ ಅಷ್ಟು ಭದ್ರ ಇಲ್ಲ, ಅಂದುಬಿಟ್ಟೆ. ಹೂಂ ಅಂದೆ ಅಕ್ಕ! ಪುಸ್ತಕದಲ್ಲಿ ಸುಳ್ಳು ಬರೆದದ್ದು ಒಂದು ಪಾಪ. ಕಾಣದ ಕಡೆ ಆ ಹುಡುಗನನ್ನ ಪೆದ್ದ ಅಂದದ್ದು ಇನ್ನೊಂದು. ಮೊದಲನೇದು ನಿನ್ನ ಮೇಲಿನ ಪ್ರೀತಿಗೆ ಮಾಡಿದೆ ಅಂತ ಹೇಳ್ಕೊಬಹುದು. ಎರಡನೇದಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ. ಅವನ ಕೈ ಭದ್ರ ಇಲ್ಲ ಅಂದೆನಲ್ಲ, ಈ ವರ್ಷ ಇಪ್ಪತ್ತೆರಡು ಮ್ಯಾಚಲ್ಲಿ ಅವನ ಹೆಸರಿಗೆ ಒಂದೇ ಒಂದು ಎರರೂ ಇರಲಿಲ್ಲ. ಬರೆದವಳು ನಾನೇ, ನನಗೆ ಗೊತ್ತಿಲ್ವಾ?

ಆ ರೆನೆಯನ್ನ ನೀನು ಸರಿಯಾಗಿ ನೋಡಿಲ್ಲ. ಟೆಕ್ಸಾಸಿನ ಕೆಳತುದಿ, ಗಡಿ ಊರಿನೋನು. ತಾಯಿ ಈರುಳ್ಳಿ ಮಂಡೀಲಿ ಚೀಲ ತುಂಬೋ ಕೆಲಸ ಮಾಡ್ತಾಳೆ. ಪತ್ರಿಕೇಲಿ ಅವನ ಹೆಸರು ಬಂದಾಗೆಲ್ಲ ಕತ್ತರಿಸಿ ಅಮ್ಮನಿಗೆ ಕಳಿಸ್ತಾನೆ, ಕತ್ತರಿ ಕೊಡೋಳು ನಾನೇ. ಅಡುಗೆಮನೇಲಿ ಸಾಲಲ್ಲಿ ಬರೋ ನೂರಾರು ಹುಡುಗರಲ್ಲಿ ತಟ್ಟೆ ವಾಪಸ್ ಕೊಡೋವಾಗ ಥ್ಯಾಂಕ್ಸ್ ಹೇಳೋನು ಅವನೊಬ್ಬ. ನಿನ್ನೆ ಬೆಳಿಗ್ಗೆ ಬಂದ. ಗದ್ದದ ಮೇಲೆ ಪಟ್ಟಿ, ಕಣ್ಣು ಊದಿತ್ತು. ನಾನು ಬಿಸಿ ಬಿಸ್ಕಿಟ್ ಬನ್ನು, ಗ್ರೇವಿ ಬಡಿಸ್ತಾ ತಲೆ ಎತ್ತಲಿಲ್ಲ. ಅವನೇ ನಿಂತ. ಹಿಂದಿನೋರು, ಏ ನಡಿಯೋ, ಹೊಟ್ಟೆ ಚುರುಗುಡ್ತಿದೆ, ಅಂತ ತಳ್ತಿದ್ರೂ ನಿಂತ. ಮಿಸ್ ಲುವೆಲ್ಲಾ, ಶನಿವಾರದ್ದು ಹಿಡೀಬೇಕಿತ್ತು ನಾನು, ಸಾರಿ, ಅಂದ. ನನ್ನ ಹತ್ತಿರ ಸಾರಿ ಕೇಳ್ತಾನೆ! ಅಯ್ಯೋ ಬಿಡಪ್ಪ, ಅದೇನು ಅಂಥ ಸುಲಭದ ಚೆಂಡಾಗಿರಲಿಲ್ಲ, ಅಂತ ಗೊಣಗಿದೆ. ಅದಕ್ಕವನು, ಇಲ್ಲ, ಮೊದಲು ನನಗೂ ಅದು ಹಿಟ್ಟೇ ಅನ್ನಿಸಿತ್ತು, ಆದರೆ ಎರರ್ ಅಂತ ಹೇಳಿದ್ದು ನೀವು, ಸ್ವಂತ ಮಗನಿಗೇ ಬಿಡದೋರು ನೀವು, ಅಂದ ಮೇಲೆ ನಂದೇ ತಪ್ಪಿರಬೇಕು, ಅಂದ. ಭಾನುವಾರ ಇಡೀ ಮಧ್ಯಾಹ್ನ ರೂಮಿನ ಹುಡುಗನ ಕೈಲಿ ಅದೇ ಜಾಗಕ್ಕೆ ಇನ್ನೂರು ಚೆಂಡು ಹೊಡೆಸಿಕೊಂಡು ಬಿದ್ದು ಎದ್ದನಂತೆ. ಎಷ್ಟು ಹಿಡಿದೆ ಅಂದೆ. ಹದಿನಾಲ್ಕು ಅಂದ. ಇನ್ನೂರರಲ್ಲಿ ಹದಿನಾಲ್ಕು ಅಕ್ಕ. ಅದೂ ಚೆಂಡು ಎಲ್ಲಿ ಬರತ್ತೆ ಅಂತ ಮೊದಲೇ ಗೊತ್ತಿದ್ದು. ಕೋಚ್ ಟಾಲಿವರ್ ಇವತ್ತಿನ ಮ್ಯಾಚಿಗೆ ಅವನನ್ನ ಆಡಿಸದೆ ಬೆಂಚಲ್ಲಿ ಕೂರಿಸ್ತಾರಂತೆ, ದೊಡ್ಡ ಮ್ಯಾಚಲ್ಲಿ ಕೈ ನಡುಗತ್ತೆ ಅನ್ನೋ ಕಾರಣಕ್ಕೆ. ಈ ವಾರದ ಕ್ಲಿಪ್ಪಿಂಗಿಗೆ ಕತ್ತರಿ ಬೇಡ ಮಿಸ್ ಲುವೆಲ್ಲಾ ಅಂತ ಹೇಳಿ ತಟ್ಟೆ ತಗೊಂಡು ಹೋದ.

ನಾನು ಹಿಂದೆ ಉಗ್ರಾಣಕ್ಕೆ ಹೋಗಿ, ಹಿಟ್ಟಿನ ಮೂಟೆ ಮೇಲೆ ಕೂತು ಏಪ್ರನ್ ಬಾಯಿಗೆ ತುರುಕಿಕೊಂಡು ಅತ್ತೆ. ಅರವತ್ತೊಂದು ವರ್ಷದ ಹೆಂಗಸು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡಬೇಕು? ನಾನು ಮೋಸಗಾತಿ ಅಂತ ಹೆಸರಾಗಿದ್ದಿದ್ದರೆ ಆ ಹುಡುಗ ನನ್ನನ್ನ ಬೈದುಕೊಂಡು ಹಾಯಾಗಿ ಇರ್ತಿದ್ದ. ನನ್ನ ಒಳ್ಳೇ ಹೆಸರೇ ಅವನನ್ನ ತಿಂತಿದೆ. ಕಣ್ಣಾರೆ ಕಂಡದ್ದನ್ನ ಬಿಟ್ಟು ನನ್ನ ಮಾತು ನಂಬಿಕೊಂಡು, ತನ್ನ ಕೈಯೇ ಸರಿಯಿಲ್ಲ ಅಂತ ನೆಲಕ್ಕೆ ಬಿದ್ದು ಬಿದ್ದು ಮೈ ತರಚಿಕೊಳ್ತಿದ್ದಾನೆ. ಆ ಸೇಂಟ್ ಆಲಿವರ್ ಸಣಕಲನಿಗೂ ಎಲ್ಲೋ ಒಬ್ಬಳು ಅಜ್ಜಿ ಇರ್ತಾಳೆ, ಅವನ ಐದನೇ ಹಿಟ್ಟೋ ಆರನೇದೋ ಕಿತ್ತುಕೊಂಡೆನಲ್ಲ. ಅದನ್ನೂ ಯೋಚಿಸಿದೆ.

ತಿದ್ದೋಕೆ ದಾರಿ ಇದೆ. ಮಂಗಳವಾರ ಮಧ್ಯಾಹ್ನ ಹನ್ನೆರಡರೊಳಗೆ ಸ್ಕೋರರ್ ಫೋನ್ ಮಾಡಿ ಹೇಳಿದರೆ ನಮ್ಮ ಗುಂಪಿನ ಆಫೀಸಲ್ಲಿ ತಿದ್ದಿಕೊಳ್ತಾರೆ. ಹನ್ನೆರಡು ಹೊಡೆದ ಮೇಲೆ ದೇವರೇ ಬಂದರೂ ಆಗಲ್ಲ. ಮೂರು ಗಂಟೆಗೆ ವಾರದ ಅತ್ಯುತ್ತಮ ಪಿಚರ್ ಯಾರು ಅಂತ ಪ್ರಕಟಿಸ್ತಾರೆ. ಹಿಟ್ ಕೊಡದೆ ಗೆದ್ದ ವೇಡ್ ಅಂತ ಎಲ್ಲರೂ ತೀರ್ಮಾನ ಮಾಡಿಯಾಗಿದೆ. ಒಂದು ಹಿಟ್ಟು ಸೇರಿಸಿದರೆ ಆ ಹೆಸರು ಬೇರೆಯೋರಿಗೆ ಹೋಗತ್ತೆ, ಉತ್ತರದ ಕಡೆ ಕಾಲೇಜಿನ ಎಡಗೈ ಹುಡುಗನೊಬ್ಬ ಶುಕ್ರವಾರ ಹದಿನೈದು ಜನರನ್ನ ಔಟ್ ಮಾಡಿದ್ದಾನೆ. ಗೋಡೆ ಮೇಲಿನ ಹಲಗೇಲಿ ನಾಲ್ಕನೇ ಹೆಸರೂ ಬರಲ್ಲ. ಅಕ್ಕ, ತಾಯಿ ಇಲ್ಲದ ಮೊಮ್ಮಗನನ್ನ ಎರಡು ವರ್ಷದ ಮಗುವಾಗಿದ್ದಾಗಿಂದ ಸಾಕಿ ಇಷ್ಟು ದೊಡ್ಡೋನ ಮಾಡಿದೆ. ನಿನಗಾಗಿ ಅಂತ ಕೊಟ್ಟದ್ದನ್ನ ನಿನ್ನ ಕೈಯಿಂದಲೇ ಕಿತ್ತುಕೊಳ್ಳಬೇಕಾಗಿ ಬಂತು. ಭಾನುವಾರ ರಾತ್ರಿ, ಸೋಮವಾರ ಇಡೀ ದಿನ, ಇವತ್ತು ಬೆಳಿಗ್ಗೆ, ಫೋನ್ ಹತ್ತಿರ ಹೋಗೋದು, ನಿನ್ನ ಆ ಆರು ಹೆಜ್ಜೆ ನೆನಪಾಗೋದು, ವಾಪಸ್ ಬರೋದು. ಯಾರಿಗೂ ಗೊತ್ತಿಲ್ಲ, ಬಿಟ್ಟುಬಿಡು ಲೂ, ಅನ್ನತ್ತೆ ಮನಸ್ಸು. ಕ್ಲೀಟಸ್ ಬಾಯಿ ಬಿಡಲ್ಲ. ರೆನೆ ಕೇಳಲ್ಲ. ವೇಡ್ ಅಂತೂ ಭಾನುವಾರ ಊಟಕ್ಕೂ ಬರಲಿಲ್ಲ, ಓದೋದಿದೆ ಚಿಕ್ಕಜ್ಜಿ ಅಂದ. ಹೆಸರು ಬಂದ ಕೂಡಲೇ ದೊಡ್ಡ ಮನುಷ್ಯ ಆಗ್ಬಿಟ್ಟ, ಕೋಳಿ ಹುರಿದಿಟ್ಟಿದ್ದೆ, ಬೆಕ್ಕಿಗೆ ಹಾಕಿದೆ, ಅಂತ ನಾನು ಬೈದುಕೊಂಡೆ.

ಈ ಕಾಗದ ಮುಗಿಸಿದ ಕೂಡಲೇ ಫೋನ್ ಮಾಡ್ತೀನಿ. ನಿನಗೆ ಮೊದಲು ಬರೆದುಬಿಟ್ಟರೆ ಹಿಂದೆ ಸರಿಯೋಕೆ ಆಗಲ್ಲ ಅಂತಲೇ ಮೊದಲು ಬರೆದೆ. ಆಮೇಲೆ ಟಾಲಿವರ್ ಹತ್ತಿರ ಹೋಗಿ, ರೆನೆಯನ್ನ ಆಡಿಸಿ, ಕೈ ನಡುಗಿದ್ದು ನಂದು ಅಂತ ಹೇಳ್ತೀನಿ. ಪುಸ್ತಕವನ್ನೂ ಅವರಿಗೇ ಒಪ್ಪಿಸ್ತೀನಿ, ಬೇರೆಯೋರಿಗೆ ಕೊಡ್ಲಿ. ರೆನೆ ಹತ್ತಿರ ಸಾರಿ ಕೇಳೋದು ಹ್ಯಾಗೆ ಅಂತ ಗೊತ್ತಿಲ್ಲ, ಬಾಯಿಗೆ ಬಂದ ಹಾಗೆ ಕೇಳ್ತೀನಿ. ನೀನು ನನ್ನ ಮೇಲೆ ಸಿಟ್ಟು ಮಾಡ್ಕೋ, ಬೈಯಿ, ಒಂದು ತಿಂಗಳು ಮಾತು ಬಿಡು. ನಡೆಯೋದು ಮಾತ್ರ ಬಿಡಬೇಡ ಅಕ್ಕ. ನಿನ್ನ ಮೊಮ್ಮಗ ಒಂದೇ ಒಂದು ಹಿಟ್ ಕೊಟ್ಟು ಗೆದ್ದ, ಅದೂ ಸಣ್ಣ ಮಾತಲ್ಲ. ನಿನ್ನ ವಾರ್ಡಿನೋರಿಗೆ ಹೇಳೋವಾಗ ತಪ್ಪು ನನ್ನ ತಂಗೀದು ಅಂತ ಹೆಸರು ಹಿಡಿದೇ ಹೇಳು.

ದೇವರು ನಿನ್ನ ಸೊಂಟಕ್ಕೂ ನನ್ನ ನಾಲಿಗೆಗೂ ಬಲ ಕೊಡ್ಲಿ. ನರ್ಸಮ್ಮನಿಗೆ ನನ್ನ ನೆನಪು ಹೇಳು. ವೆಲ್ಡಾ ನಿನಗೆ ಅಂತ ನೇರಳೆ ಹಣ್ಣಿನ ಜ್ಯಾಮ್ ಕಟ್ಟಿಟ್ಟಿದ್ದಾಳೆ, ಬರೋ ಶನಿವಾರ ಬರೋವಾಗ ತರ್ತೀನಿ, ನೀನು ಬಾ ಅಂದರೆ.

ಮುಖ ತೋರಿಸೋಕೆ ನಾಚಿಕೆಪಡ್ತಿರೋ ನಿನ್ನ ತಂಗಿ,
ಲೂ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಬರೀತಿದ್ದೀನಿ. ಹನ್ನೊಂದು ಮುಕ್ಕಾಲಿಗೆ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿನ ಇಮೋಜೀನ್ ಅನ್ನೋ ಹೆಂಗಸು ಎತ್ತಿಕೊಂಡಳು. ಶನಿವಾರದ ಎರಡನೇ ಮ್ಯಾಚು, ಆರನೇ ಇನ್ನಿಂಗ್ಸು, ಎರರ್ ತೆಗೆದು ಹಿಟ್ ಅಂತ ಮಾಡಮ್ಮ, ಅಂದೆ. ಅವಳು, ಓ, ಆ ಚೆಂಡಾ, ಅಂದಳು. ನಿಮ್ಮ ಪಿಚರೇ ನಿನ್ನೆ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದ್ದ ಕಣ್ರೀ, ಅದು ಹಿಟ್ಟು, ನನ್ನ ಕಾಲ ಪಕ್ಕದಲ್ಲೇ ಹೋಯ್ತು, ನಾನೇ ನೋಡಿದ್ದೀನಿ, ತಿದ್ದಿ ಅಂದ. ನೀನು ಹೇಳಿದರೆ ಆಗಲ್ಲಪ್ಪ, ಸ್ಕೋರರೇ ಹೇಳಬೇಕು, ಅವರ ಮೇಲೆ ದೂರು ಬರ್ಕೊಳ್ಳಲಾ ಅಂತ ನಾನೇ ಕೇಳಿದೆ, ಅಂದಳು. ಬೇಡ ಬೇಡ, ನಾನು ಫೋನ್ ಮಾಡಿದ್ದೂ ಅವರಿಗೆ ತಿಳಿಯೋದು ಬೇಡ, ಅವರು ನಮ್ಮ ಚಿಕ್ಕಜ್ಜಿ, ಅವರೇ ಫೋನ್ ಮಾಡ್ತಾರೆ ನೋಡ್ತಿರಿ, ಅಂದ. ನಿನ್ನೆ ಸಂಜೆ ಐದಕ್ಕೆ ಇನ್ನೊಂದು ಸಲ ಮಾಡಿ, ಬಂತಾ ಫೋನು ಅಂತ ಕೇಳಿದ. ಇವತ್ತು ಬೆಳಿಗ್ಗೆ ಒಂಬತ್ತಕ್ಕೂ ಕೇಳಿದ. ಇನ್ನೂ ಇಲ್ಲಪ್ಪ ಅಂದಾಗೆಲ್ಲ, ಮಾಡ್ತಾರೆ, ಮಾಡೇ ಮಾಡ್ತಾರೆ, ಅಂತಿದ್ದ. ಇಷ್ಟು ಹೇಳಿ ಅವಳು ಹಿಟ್ ಅಂತ ಬರ್ಕೊಂಡಳು. ನಾಲ್ಕಕ್ಕೆ ಮ್ಯಾಚು. ಅವನ ಮುಖ ಹ್ಯಾಗೆ ನೋಡ್ಲಿ, ಅಕ್ಕಾ?